ಬಣ್ಣಕ್ಕೆ ಮುಂಚಿನ ಕೆಲಸ

ಹೊಸದಾಗಿ ಬಣ್ಣ ಹಾಕಿಸಿದ ಮೋಟಾರು ಗಾಡಿಯನ್ನು ನೋಡುವಾಗ ನಮ್ಮ ಕಣ್ಣು ಅದರ ಹೊಳಪಿನಲ್ಲಿಯೇ ನಿಂತುಬಿಡುತ್ತದೆ. ಬಣ್ಣವು ಒಪ್ಪವಾಗಿದ್ದರೆ ಬಣ್ಣ ಹಾಕಿದವನ ಕೈಯನ್ನು ಹೊಗಳುತ್ತೇವೆ; ಆರು ತಿಂಗಳಿಗೆ ಅದು ಉಬ್ಬಿ, ಬಿರಿದು, ಹಕ್ಕಳೆಯೆದ್ದರೆ ಬಣ್ಣವನ್ನು ಮಾರಿದವನನ್ನು ದೂರುತ್ತೇವೆ. ಇವೆರಡೂ ಬಹುಮಟ್ಟಿಗೆ ತಪ್ಪು ವಿಳಾಸಕ್ಕೆ ಹೋಗುವ ಮಾತುಗಳು. ಹೊಳಪಿನ ಚೆಲುವೂ ಅದರ ಬಾಳಿಕೆಯೂ ನಿಶ್ಚಯವಾಗುವುದು ಮೇಲಿನ ಬಣ್ಣದಲ್ಲಿ ಅಲ್ಲ. ಅದರ ಕೆಳಗೆ, ಯಾರ ಕಣ್ಣಿಗೂ ಬೀಳದಂತೆ ಹುದುಗಿಹೋಗುವ ಸಿದ್ಧತೆಯ ಕೆಲಸದಲ್ಲಿ. ತಗಡನ್ನು ಶುದ್ಧಿಮಾಡುವುದು, ತುಕ್ಕನ್ನು ತೆಗೆಯುವುದು, ತಗ್ಗನ್ನು ಪುಟ್ಟಿಯಿಂದ ತುಂಬುವುದು, ತಳಬಣ್ಣವನ್ನು ಹಚ್ಚುವುದು, ಮತ್ತೆ ಮತ್ತೆ ತೇಯುವುದು—ಇವೇ ಆ ಕೆಲಸದ ಅಂಗಗಳು. ಇವುಗಳ ವಿಚಾರವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಈ ವಿಷಯವನ್ನು ಹೇಳುವುದಕ್ಕೆ ದೂರದ ದೇಶಗಳಿಗೆ ಹೋಗಬೇಕಾಗಿಲ್ಲ. ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನಲ್ಲಿ ಬಮ್ಮಿಗಟ್ಟಿ ಎಂಬುದೊಂದು ಊರು. ಬಯಲುಸೀಮೆಯು ಮುಗಿದು ಮಲೆನಾಡು ಮೊದಲಾಗುವ ಸೆರಗಿನಲ್ಲಿರುವ ನಾಡು ಇದು. ಈ ತಾಲ್ಲೂಕಿನ ಹೆಸರನ್ನು ಕನ್ನಡಿಗರ ಮನೆಮನೆಗೆ ಮುಟ್ಟಿಸಿರುವುದು ಅದರ ತೊಟ್ಟಿಲು. ತೇಗದ ಮರದಿಂದ ಮಾಡಿ, ಅರಗಿನ ಬಣ್ಣಗಳಿಂದ ರಾಮಾಯಣ ಮಹಾಭಾರತಗಳ ಕಥೆಗಳನ್ನೂ ಬಾಲಕೃಷ್ಣನ ಲೀಲೆಗಳನ್ನೂ ಬರೆದ ಕಲಘಟಗಿಯ ತೊಟ್ಟಿಲಿನಲ್ಲಿ ಅಜ್ಜಿಯೂ ಮೊಮ್ಮಗಳೂ ಆಡಿದ ಉದಾಹರಣೆಗಳು ಆ ಕಡೆಯ ಮನೆಗಳಲ್ಲಿ ಉಂಟು. ತಲೆಮಾರು ಕಳೆದರೂ ಬಣ್ಣ ಮಾಸದೆಂಬುದೇ ಆ ತೊಟ್ಟಿಲಿನ ಕೀರ್ತಿ. ಹಾಗಿರುವಲ್ಲಿ, ಅದೇ ತಾಲ್ಲೂಕಿನ ರಸ್ತೆಯಲ್ಲಿ ಓಡಾಡುವ ಗಾಡಿಯ ಬಣ್ಣವು ಮೂರು ಮಳೆಗಾಲಕ್ಕೆ ಏಕೆ ಕೆಡಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಿದರೆ ನಮ್ಮ ವಿಷಯದ ಅರ್ಧ ಭಾಗವು ತಿಳಿದಂತೆಯೇ.

ಮೊದಲನೆಯದಾಗಿ, ಬಣ್ಣಕ್ಕಿಂತ ಮುಂಚೆ ನೆಲೆಯನ್ನು ಹದಮಾಡಬೇಕೆಂಬ ತಿಳಿವಳಿಕೆ ನಮ್ಮ ಕುಶಲಕರ್ಮಿಗಳಿಗೆ ಹೊಸದಲ್ಲ. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರ ಪದ್ಧತಿಯನ್ನು ನೋಡಿರಿ. ಹಗುರವಾದ ಮರದಲ್ಲಿ ಕಡೆದ ಬಿಡಿ ಭಾಗಗಳನ್ನು ಜೋಡಿಸಿದ ಮೇಲೆ ಅವರು ನೇರವಾಗಿ ಬಣ್ಣಕ್ಕೆ ಕೈಹಾಕುವುದಿಲ್ಲ. ಗೋಣಿನಾರನ್ನು ನೆನೆಯಿಸಿ, ತುಂಡರಿಸಿ, ಒಣಗಿಸಿ, ಪುಡಿಮಾಡಿ, ಹುಣಿಸೆ ಬೀಜದ ಸರಿಯಲ್ಲಿ ಕಲಸಿದ ‘ಕಿಟ್ಟ’ವೆಂಬ ಹದವಾದ ಮುದ್ದೆಯನ್ನು ಗೊಂಬೆಯ ಮೈಗೆಲ್ಲ ಕೈಯಿಂದ ಹಚ್ಚುತ್ತಾರೆ, ಅದರ ಮೇಲೆ ಸಣ್ಣ ಬಟ್ಟೆಯ ಚೂರುಗಳನ್ನು ಅಂಟಿಸುತ್ತಾರೆ, ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪವನ್ನು ಕೊಡುತ್ತಾರೆ. ಬಣ್ಣವು ಬರುವುದು ಇವೆಲ್ಲ ಮುಗಿದ ಮೇಲೆ. ಮೈಸೂರು ಸಂಪ್ರದಾಯದ ಚಿತ್ರಕಾರರೂ ಚಿನ್ನದ ರೇಕನ್ನು ಅಂಟಿಸುವ ಮುನ್ನ ಬಿಳಿಯ ಸೀಸದ ಪುಡಿಯನ್ನು ಗೋಂದಿನಲ್ಲಿ ಕಲಸಿ ಉಬ್ಬುಗೆಲಸದ ನೆಲೆಯನ್ನು ಕಟ್ಟುತ್ತಿದ್ದರು. ಚನ್ನಪಟ್ಟಣದ ಚರಕಿಯವನು ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತುವ ಮೊದಲು ಆ ಮರವನ್ನು ನುಣ್ಣಗೆ ಉಜ್ಜಿಕೊಳ್ಳುತ್ತಾನೆ.

ಈ ಎಲ್ಲ ಪದ್ಧತಿಗಳಲ್ಲಿಯೂ ಮೂರು ಉದ್ದೇಶಗಳು ಅಡಗಿವೆ. ಒಂದು, ಮೇಲ್ಮೈಯ ತಗ್ಗುದಿಣ್ಣೆಗಳನ್ನು ಸಮಮಾಡುವುದು. ಎರಡು, ಬಣ್ಣವು ಹಿಡಿದುಕೊಳ್ಳುವುದಕ್ಕೆ ಆಸರೆಯನ್ನು ಕೊಡುವುದು. ಮೂರು, ಕೆಳಗಿನ ವಸ್ತುವನ್ನು ಗಾಳಿ ನೀರುಗಳಿಂದ ಕಾಪಾಡುವುದು. ಮೋಟಾರು ಗಾಡಿಯ ತಗಡಿಗೂ ಈ ಮೂರೇ ಬೇಕಾದುವು. ಆದರೆ ಮರಕ್ಕೂ ಉಕ್ಕಿಗೂ ಒಂದು ದೊಡ್ಡ ಭೇದವುಂಟು. ಮನೆಯೊಳಗೆ ಒಣಗಿದ ಜಾಗದಲ್ಲಿ ತೂಗುವ ತೊಟ್ಟಿಲಿನ ಮರವು ತನ್ನಷ್ಟಕ್ಕೆ ತಾನು ಸುಮ್ಮನಿರುತ್ತದೆ. ಬೀದಿಯ ಪಾಲಾದ ಉಕ್ಕು ಸುಮ್ಮನಿರುವ ವಸ್ತುವಲ್ಲ. ನೀರೂ ಪ್ರಾಣವಾಯುವೂ ಸಿಕ್ಕಿದೊಡನೆ ಅದು ತುಕ್ಕಾಗುತ್ತದೆ. ನೀರಿನಲ್ಲಿ ಉಪ್ಪು ಸೇರಿದ್ದರಂತೂ ತುಕ್ಕಿನ ವೇಗವು ಇನ್ನೂ ಹೆಚ್ಚು. ಹುಟ್ಟಿದ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಾಲು ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಆದುದರಿಂದ ಬಣ್ಣದ ಕೆಳಗೆ ಉಳಿದ ಸಾಸಿವೆ ಕಾಳಿನಷ್ಟು ತುಕ್ಕೂ ತನ್ನ ಮೇಲಿನ ಪದರವನ್ನು ಎತ್ತಿ ಒಡೆಯುತ್ತದೆ. ಒಡೆದ ಬಿರುಕಿನಲ್ಲಿ ಮತ್ತಷ್ಟು ನೀರು ಇಳಿಯುತ್ತದೆ. ತುಕ್ಕು ಬಣ್ಣದ ಅಡಿಯಲ್ಲಿಯೇ ಸುರಂಗ ಕೊರೆದಂತೆ ಹರಡುತ್ತ ಹೋಗುತ್ತದೆ. ಮೇಲೆ ಥಳಕು ಒಳಗೆ ಹುಳುಕು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕಿಲ್ಲ.

ಕಲಘಟಗಿಯ ಸೀಮೆಯಲ್ಲಿ ಈ ತುಕ್ಕಿಗೆ ಬೇಕಾದ ಸೌಕರ್ಯಗಳೆಲ್ಲ ಇವೆ. ಅಂಕೋಲೆಯ ಕರಾವಳಿಯಿಂದ ಅರಬೈಲು ಘಟ್ಟವನ್ನೇರಿ, ಯಲ್ಲಾಪುರ ಕಲಘಟಗಿಗಳ ಮೇಲೆ ಹುಬ್ಬಳ್ಳಿಗೆ ಬರುವ ಹೆದ್ದಾರಿಯು ಈ ತಾಲ್ಲೂಕನ್ನು ಹಾಯುತ್ತದೆ. ಸಮುದ್ರತೀರದ ಉಪ್ಪುಗಾಳಿಯಲ್ಲಿ ನಿಂತು ಬಂದ ಗಾಡಿಗಳು ಆ ದಾರಿಯಲ್ಲಿ ಓಡಾಡುತ್ತವೆ. ಮುಂಗಾರಿನ ತಿಂಗಳುಗಳಲ್ಲಿ ತಗಡು ಒಣಗುವುದಕ್ಕೆ ಎಡೆಯೇ ಸಿಗುವುದಿಲ್ಲ. ಜಿಲ್ಲೆಯ ಮೂಡಣ ಭಾಗವಾದ ನವಲಗುಂದ ಅಣ್ಣಿಗೇರಿಗಳ ಎರೆಮಣ್ಣಿಗೆ ಹೋಗಿಬಂದ ಗಾಡಿಯ ಬುಡಕ್ಕೆ ಮೆತ್ತಿದ ಕೆಸರು ನೀರನ್ನು ಹಲವು ದಿನ ಹಿಡಿದಿಟ್ಟುಕೊಂಡಿರುತ್ತದೆ. ರಸಗೊಬ್ಬರದ ಮೂಟೆಗಳನ್ನು ಹೊತ್ತ ಟ್ರೇಲರಿನ ತಳದಲ್ಲಿ ಚೆಲ್ಲಿದ ಗೊಬ್ಬರವೂ ಒಂದು ಬಗೆಯ ಉಪ್ಪೇ. ಅದು ಗಾಳಿಯ ತೇವವನ್ನೇ ಎಳೆದುಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಇಂಥಲ್ಲಿ ಸಿದ್ಧತೆಯ ಕೆಲಸದಲ್ಲಿ ಮಾಡಿದ ಉಪೇಕ್ಷೆಗೆ ದಂಡ ತೆರುವ ಕಾಲ ಬೇಗನೆ ಬರುತ್ತದೆ.

ಇನ್ನು ಈ ವಿದ್ಯೆಯ ಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳುವುದಾದರೆ, ಮೋಟಾರು ಗಾಡಿಯು ಹುಟ್ಟಿದಾಗ ಅದರ ಬಣ್ಣಗಾರಿಕೆಯು ಕುದುರೆಸಾರೋಟಿನಿಂದ ಬಂದಿತು. ಎಣ್ಣೆಯ ಬಣ್ಣವನ್ನೂ ವಾರ್ನೀಷನ್ನೂ ಪದರದ ಮೇಲೆ ಪದರವಾಗಿ ಹಚ್ಚಿ, ಒಂದೊಂದನ್ನೂ ಒಣಗಿಸಿ, ನೊರೆಗಲ್ಲಿನಿಂದ ತೇಯುತ್ತ ಹೋಗುವುದರಲ್ಲಿ ವಾರಗಳೇ ಕಳೆಯುತ್ತಿದ್ದುವು. ಅಮೆರಿಕೆಯಲ್ಲಿ ಡ್ಯುಪಾಂಟ್ ಕಂಪೆನಿಯವರು ೧೯೨೩ರಲ್ಲಿ ಸಿದ್ಧಪಡಿಸಿದ ‘ಡ್ಯೂಕೋ’ ಎಂಬ ನೈಟ್ರೋಸೆಲ್ಯುಲೋಸಿನ ಬಣ್ಣವನ್ನು ಜನರಲ್ ಮೋಟಾರ್ಸಿನವರು ೧೯೨೪ರ ಮಾದರಿಯ ಓಕ್‌ಲೆಂಡ್ ಗಾಡಿಗೆ ಹಾಕಿದರು. ವಾರಗಳ ಕೆಲಸವು ದಿನಗಳಿಗೆ ಇಳಿಯಿತು. ಆದರೆ ಈ ಹೊಸ ಬಣ್ಣದ ಪದರವು ತೆಳುವು. ಕೆಳಗಿನ ಪ್ರತಿಯೊಂದು ಗೀರನ್ನೂ ತೋರಿಸಿಕೊಡುವ ಸ್ವಭಾವದ್ದು. ಹೀಗಾಗಿ ಬಣ್ಣವು ಬೇಗ ಒಣಗುತ್ತ ಬಂದಷ್ಟೂ ಅದರ ಕೆಳಗಿನ ಕೆಲಸದ ಮಹತ್ವವು ಹೆಚ್ಚುತ್ತ ಬಂದಿತೇ ವಿನಾ ಕಡಮೆಯಾಗಲಿಲ್ಲ. ತಗ್ಗನ್ನು ತುಂಬುವುದಕ್ಕೆ ಆಗ ಸೀಸ ತವರಗಳ ಮಿಶ್ರಣವನ್ನು ಕರಗಿಸಿ ಹಾಕುತ್ತಿದ್ದರು. ಅದರ ಸ್ಥಾನಕ್ಕೆ ೧೯೫೦ರ ದಶಕದಲ್ಲಿ ಪಾಲಿಯೆಸ್ಟರ್ ರಾಳದ ಪುಟ್ಟಿಯು ಬಂದಿತು. ೧೯೬೦ರ ದಶಕದಿಂದೀಚೆಗೆ ಕಾರ್ಖಾನೆಗಳಲ್ಲಿ ಗಾಡಿಯ ಇಡೀ ಒಡಲನ್ನು ತಳಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ತನ್ನು ಹಾಯಿಸಿ, ಮೂಲೆಮುಡುಕಿಗೂ ಒಂದೇ ದಪ್ಪದ ಪದರವು ಕೂರುವಂತೆ ಮಾಡುವ ವಿಧಾನವು ಬಳಕೆಗೆ ಬಂದಿದೆ.

ಇಲ್ಲಿ ಒಂದು ಮುಖ್ಯಾಂಶವನ್ನು ಗಮನಿಸಬೇಕು. ಕಾರ್ಖಾನೆಯಿಂದ ಹೊರಬಂದ ಗಾಡಿಯ ಮೇಲಿರುವ ಬಣ್ಣದ ಪದರಗಳೆಲ್ಲ ಸೇರಿದರೂ ದಪ್ಪವು ಸುಮಾರಾಗಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಅದರೊಳಗೆ ವಿದ್ಯುತ್ತಿನಿಂದ ಕೂರಿಸಿದ ತಳಪದರವು ಮಿಲಿಮೀಟರಿನ ಐವತ್ತನೆಯ ಒಂದು ಪಾಲಿನಷ್ಟು ಮಾತ್ರ. ಎಲ್ಲ ರಕ್ಷಣೆಯ ಮೂಲವೂ ಈ ತೆಳುಪದರವೇ. ಎತ್ತಿನ ಕೋಡು ತಗಲಿ, ಇಲ್ಲವೆ ಸೇತುವೆಯ ಕಟ್ಟೆಗೆ ಉಜ್ಜಿ ಅದು ಒಮ್ಮೆ ಹರಿದರೆ, ಊರಿನ ಗ್ಯಾರೇಜಿನಲ್ಲಿ ಅದನ್ನು ಮೊದಲಿನಂತೆ ಹುಟ್ಟಿಸುವುದು ಸಾಧ್ಯವಿಲ್ಲ. ಗಾಡಿಯನ್ನು ಮುಳುಗಿಸುವ ತೊಟ್ಟಿಯು ಅಲ್ಲಿಲ್ಲ. ಆ ಕೊರತೆಯನ್ನು ಕೈಕೆಲಸದಿಂದ ಆದಷ್ಟು ತುಂಬಿಕೊಡುವುದೇ ರಿಪೇರಿಯ ಸಿದ್ಧತೆ. ಆದುದರಿಂದಲೇ ಅಲ್ಲಿ ಒಂದು ಹಂತವನ್ನು ಬಿಡುವುದಕ್ಕೂ ಅವಕಾಶವಿಲ್ಲ.

ಈಗ ಆ ಹಂತಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು ತೊಳೆಯುವುದು. ಸಾಬೂನಿನ ನೀರಿನಿಂದ ಧೂಳು ಕೆಸರುಗಳು ಹೋಗುತ್ತವೆ; ಜಿಡ್ಡೂ ಮೇಣವೂ ಹೋಗುವುದಿಲ್ಲ. ಅವಕ್ಕಾಗಿಯೇ ಇರುವ ದ್ರಾವಕದಲ್ಲಿ ಅದ್ದಿದ ಒಂದು ಬಟ್ಟೆಯಿಂದ ಒರೆಸಿ, ಆ ದ್ರಾವಕವು ಆರುವ ಮೊದಲೇ ಒಣಗಿದ ಇನ್ನೊಂದು ಬಟ್ಟೆಯಿಂದ ಎತ್ತಿಬಿಡಬೇಕು. ಒಂದೇ ಬಟ್ಟೆಯಿಂದ ಉಜ್ಜಿದರೆ ಜಿಡ್ಡು ಹೋಗುವುದಿಲ್ಲ, ಹರಡುತ್ತದೆ. ಈ ಕೆಲಸವು ತೇಯುವುದಕ್ಕಿಂತ ಮುಂಚೆಯೇ ಆಗತಕ್ಕದ್ದು. ಏಕೆಂದರೆ ಜಿಡ್ಡಿನ ಮೇಲೆ ಉಪ್ಪುಕಾಗದವನ್ನು ಆಡಿಸಿದರೆ ಆ ಜಿಡ್ಡು ಹೊಸ ಗೀರುಗಳ ಒಳಗೆ ಸೇರಿ ಕುಳಿತುಕೊಳ್ಳುತ್ತದೆ; ಮುಂದೆ ಅದನ್ನು ತೆಗೆಯುವುದು ಕಷ್ಟ. ಜಿಡ್ಡು ಉಳಿದೆಡೆಯಲ್ಲಿ ಬಣ್ಣವು ಕೂರದೆ ಮೀನಿನ ಕಣ್ಣಿನಂಥ ಸಣ್ಣ ಸಣ್ಣ ಗುಳಿಗಳಾಗಿ ಸರಿದುಕೊಳ್ಳುತ್ತದೆ.

ಎರಡನೆಯದು ತಗಡನ್ನು ತಿದ್ದುವುದು. ಗ್ಯಾರೇಜಿನ ಮಾತಿನಲ್ಲಿ ಟಿಂಕರಿಂಗ್. ಗಾಡಿಯ ಹೊರಮೈಯ ತಗಡು ಒಂದು ಮಿಲಿಮೀಟರಿಗಿಂತ ತೆಳುವು. ಒಳಗಡೆ ಉಕ್ಕಿನ ಗಟ್ಟಿಯೊಂದನ್ನು ಆನಿಸಿ ಹಿಡಿದು, ಹೊರಗಿನಿಂದ ಸುತ್ತಿಗೆಯಲ್ಲಿ ಹಗುರವಾಗಿ ಬಡಿಯುತ್ತ ತಗ್ಗನ್ನು ಎತ್ತಬೇಕು. ತಗಡು ತನ್ನ ಮೂಲದ ಆಕಾರಕ್ಕೆ ಎಷ್ಟು ಸಮೀಪ ಬರುತ್ತದೆಯೋ ಪುಟ್ಟಿಯ ಹೊರೆಯು ಅಷ್ಟು ಕಡಮೆ. ನಿಪುಣನಾದ ಟಿಂಕರನು ತಗ್ಗನ್ನು ಎರಡು ಮೂರು ಮಿಲಿಮೀಟರಿನ ಒಳಕ್ಕೆ ತಂದು ನಿಲ್ಲಿಸುತ್ತಾನೆ. ಅವಸರದವನು ಬೆರಳುದ್ದದ ಗುಂಡಿಯನ್ನು ಹಾಗೆಯೇ ಬಿಟ್ಟು ಪುಟ್ಟಿಯನ್ನು ಮೆತ್ತುತ್ತಾನೆ. ಬಣ್ಣ ಹಾಕಿದ ದಿನ ಎರಡೂ ಒಂದೇ ಸಮನಾಗಿ ಕಾಣುತ್ತವೆ. ಕಲ್ಲುರಸ್ತೆಯ ಅಲುಗಾಟದಲ್ಲಿಯೂ ಬಿಸಿಲು ಮಳೆಗಳ ಹಿಗ್ಗುಕುಗ್ಗುಗಳಲ್ಲಿಯೂ ದಪ್ಪ ಪುಟ್ಟಿಯು ತಗಡಿನೊಡನೆ ಹೊಂದಿಕೊಂಡು ಬಾಗಲಾರದೆ ಬಿರುಕುಬಿಟ್ಟಾಗಲೇ ಭೇದವು ಹೊರಬೀಳುವುದು.

ಮೂರನೆಯದು ತುಕ್ಕನ್ನು ತೆಗೆಯುವುದು. ಉರುಟಾದ ಉಪ್ಪುಕಾಗದದಿಂದ ತಗಡಿನ ಬೆಳ್ಳಿಬಣ್ಣವು ಕಾಣುವ ತನಕ ತೇಯಬೇಕು. ಸಣ್ಣ ಸಣ್ಣ ಕುಳಿಗಳ ತಳದಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ದ್ರಾವಣವನ್ನು ಹಚ್ಚುವುದುಂಟು. ಅದು ತುಕ್ಕನ್ನು ಕಬ್ಬಿಣದ ಫಾಸ್ಫೇಟಾಗಿ ಮಾರ್ಪಡಿಸುತ್ತದೆ. ಹೆಚ್ಚಾದ ಆಮ್ಲವನ್ನು ಹೇಳಿದ ಕ್ರಮದಲ್ಲಿ ತೊಳೆದು ಒಣಗಿಸುವುದನ್ನು ಮರೆಯಕೂಡದು. ತಗಡು ತೂತುಬಿದ್ದಿದ್ದರೆ ಅದಕ್ಕೆ ಔಷಧವು ಒಂದೇ: ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯುವುದು. ತೂತಿಗೆ ಪುಟ್ಟಿಯನ್ನು ತುಂಬುವುದೆಂದರೆ ಹಿಂಬದಿಯಿಂದ ಬರುವ ನೀರಿಗೆ ಬಾಗಿಲನ್ನು ತೆರೆದಿಟ್ಟು ಮುಂಬಾಗಿಲಿಗೆ ಬೀಗ ಹಾಕಿದಂತೆ. ಇದೇ ಹಂತದಲ್ಲಿ ಹಳೆಯ ಬಣ್ಣದ ಅಂಚನ್ನೂ ಇಳಿಜಾರಾಗಿ ತೇಯಬೇಕು. ಕಡಿದಾದ ಅಂಚು ಉಳಿದರೆ ಅದು ಮೇಲಿನ ಎಲ್ಲ ಪದರಗಳನ್ನೂ ದಾಟಿ ಗೆರೆಯಾಗಿ ಕಾಣಿಸಿಕೊಳ್ಳುತ್ತದೆ.

ಬರಿಯ ಉಕ್ಕು ಬಯಲಾದ ಮೇಲೆ ಅದನ್ನು ತಡಮಾಡದೆ ಮುಚ್ಚಬೇಕು. ಮಳೆಗಾಲದ ಗಾಳಿಯಲ್ಲಿ ರಾತ್ರಿ ಕಳೆಯುವುದರೊಳಗೆ ಅದರ ಮೇಲೆ ಕಂದುಬಣ್ಣದ ನವುರಾದ ಮಬ್ಬು ಹುಟ್ಟಬಹುದು. ಇದಕ್ಕೆ ಎರಡು ಬಗೆಯ ತಳಬಣ್ಣಗಳು ಬಳಕೆಯಲ್ಲಿವೆ. ಒಂದು ಆಮ್ಲವನ್ನೊಳಗೊಂಡು ಲೋಹವನ್ನು ಅತಿ ಸೂಕ್ಷ್ಮವಾಗಿ ಕಚ್ಚಿ ಹಿಡಿಯುವಂಥದು. ಇನ್ನೊಂದು ಎಪಾಕ್ಸಿ ರಾಳದಿಂದ ಮಾಡಿದ್ದು. ಇದು ಎರಡು ಡಬ್ಬಿಗಳ ದ್ರವವನ್ನು ಕಲಸಿದಾಗ ಗಟ್ಟಿಯಾಗುತ್ತದೆ, ನೀರನ್ನು ತಡೆಯುವುದರಲ್ಲಿ ಬಲು ಸಮರ್ಥ. ಇವುಗಳೊಳಗೆ ಒಂದು ಎಚ್ಚರಿಕೆಯ ಮಾತುಂಟು. ಆಮ್ಲದ ತಳಬಣ್ಣದ ಮೇಲೆ ಪಾಲಿಯೆಸ್ಟರ್ ಪುಟ್ಟಿಯನ್ನು ನೇರವಾಗಿ ಹಚ್ಚಕೂಡದು. ಆಮ್ಲವು ಪುಟ್ಟಿಯು ಗಟ್ಟಿಯಾಗುವ ಕ್ರಿಯೆಗೆ ಅಡ್ಡಬರುತ್ತದೆ. ಪುಟ್ಟಿಯನ್ನು ಒರಟಾಗಿ ತೇದ ಬರಿಯ ತಗಡಿನ ಮೇಲಾಗಲಿ, ಒಣಗಿದ ಮೇಲೆ ತೇದುಕೊಂಡ ಎಪಾಕ್ಸಿಯ ಮೇಲಾಗಲಿ ಹಚ್ಚುವುದು ವಾಡಿಕೆ. ನಮ್ಮ ಮಲೆನಾಡಿನ ಸೆರಗಿನ ಹವೆಯಲ್ಲಿ ಎರಡನೆಯ ಕ್ರಮವೇ ಲೇಸೆಂದು ತೋರುತ್ತದೆ. ಪುಟ್ಟಿಯ ಕೆಳಗೂ ಒಂದು ಕಾವಲು ಇದ್ದಂತಾಗುತ್ತದೆ.

ಪುಟ್ಟಿ ಎಂದರೇನು? ಪಾಲಿಯೆಸ್ಟರ್ ರಾಳದಲ್ಲಿ ಬಳಪದ ಕಲ್ಲಿನ ನುಣ್ಣನೆಯ ಹಿಟ್ಟನ್ನು ಕಲಸಿದ ಮುದ್ದೆಯೇ ಅದು. ಬಳಪದ ಕಲ್ಲು ಧಾರವಾಡ ಜಿಲ್ಲೆಗೆ ಅಪರಿಚಿತವಾದುದಲ್ಲ. ಅಣ್ಣಿಗೇರಿಯಲ್ಲಿ ೧೧ನೆಯ ಶತಮಾನದ ಕಲ್ಯಾಣ ಚಾಳುಕ್ಯರು ಕಟ್ಟಿಸಿದ ಅಮೃತೇಶ್ವರ ದೇವಾಲಯವು ಇದೇ ಜಾತಿಯ ಮೆದುಕಲ್ಲಿನದು. ಉಳಿಗೆ ಸುಲಭವಾಗಿ ಬಗ್ಗುವ ಅದರ ಮೆದುಗುಣವೇ ಶಿಲ್ಪಿಗೆ ನುಣುಪಾದ ಕುಸುರಿಯನ್ನು ಕೊಟ್ಟಿತು. ಅದೇ ಮೆದುಗುಣವು ಇಂದು ಪುಟ್ಟಿಯನ್ನು ಉಪ್ಪುಕಾಗದಕ್ಕೆ ಸುಲಭವಾಗಿ ತೇಯುವಂತೆ ಮಾಡಿದೆ. ಈ ಮುದ್ದೆಯನ್ನು ಗಟ್ಟಿಮಾಡುವುದಕ್ಕೆ ಬೆಂಜೋಯಿಲ್ ಪೆರಾಕ್ಸೈಡ್ ಎಂಬ ವಸ್ತುವಿನ ಬಣ್ಣದ ಲೇಪವನ್ನು ಬೆರಸುತ್ತಾರೆ. ಅದರ ಪ್ರಮಾಣವು ತೂಕದಲ್ಲಿ ನೂರಕ್ಕೆ ಎರಡರ ಆಸುಪಾಸು. ಹಾಲಿಗೆ ಹೆಪ್ಪುಹಾಕುವ ಹದದಂತೆಯೇ ಇದೂ ಒಂದು ಹದ. ಕಡಮೆಯಾದರೆ ಪುಟ್ಟಿಯು ಅಂಟಂಟಾಗಿಯೇ ಉಳಿಯುತ್ತದೆ. ಹೆಚ್ಚಾದರೆ ಮಿಕ್ಕ ಪೆರಾಕ್ಸೈಡು ಮೇಲಿನ ಬಣ್ಣದವರೆಗೂ ಏರಿ ಅದನ್ನು ಕಲೆಗೊಳಿಸುತ್ತದೆ. ಕಲಸುವಾಗ ಹಿಟ್ಟು ಕಡೆದಂತೆ ಕಡೆಯಬಾರದು. ಗಾಳಿಯು ಸೇರಿ ಸೂಜಿಮೊನೆಯ ರಂಧ್ರಗಳಾಗುತ್ತವೆ. ಮಟ್ಟಸವಾದ ಹಲಗೆಯ ಮೇಲೆ ಒತ್ತಿ ಒತ್ತಿ ಮಡಿಸುತ್ತ, ಬಣ್ಣವು ಎಲ್ಲೆಡೆಯೂ ಒಂದಾಗುವ ತನಕ ಕಲಸಬೇಕು.

ಕಲಸಿದ ಪುಟ್ಟಿಗೆ ಆಯುಸ್ಸು ಕೆಲವೇ ನಿಮಿಷ. ಬೇಸಗೆಯ ಮಧ್ಯಾಹ್ನದಲ್ಲಿ ಅದು ಇನ್ನೂ ಕಡಮೆ. ಆದುದರಿಂದ ಬೇಕಾದಷ್ಟನ್ನೇ ಕಲಸಿಕೊಳ್ಳಬೇಕು. ಮೊದಲು ತೆಳುವಾದ ಒಂದು ಪದರವನ್ನು ತಗಡಿನ ಗೀರುಗಳೊಳಗೆ ಹೋಗುವಂತೆ ಒತ್ತಿ ಹಚ್ಚಿ, ಅದರ ಮೇಲೆ ತುಂಬುಪದರವನ್ನು ಕೊಡಬೇಕು. ಎಲ್ಲ ಸೇರಿ ಮೂರು ಮಿಲಿಮೀಟರನ್ನು ಮೀರದಿದ್ದರೆ ಒಳ್ಳೆಯದು. ಇನ್ನೊಂದು ಮಾತು: ಬಳಪದ ಹಿಟ್ಟಿನ ಈ ಪುಟ್ಟಿಯು ನೀರನ್ನು ಹೀರುತ್ತದೆ. ಅದನ್ನು ಒಣಗಿದಂತೆಯೇ ತೇಯತಕ್ಕದ್ದು; ನೀರು ಹಾಕಿ ತೇಯತಕ್ಕದ್ದಲ್ಲ. ಪುಟ್ಟಿಯನ್ನು ಹಚ್ಚಿದ ಗಾಡಿಯನ್ನು ಬಣ್ಣಕ್ಕೆ ಸರದಿ ಬರಲೆಂದು ಬಯಲಿನ ಮಳೆಯಲ್ಲಿ ನಿಲ್ಲಿಸುವುದು ಬಹಳ ಕಡೆ ನಡೆಯುವ ಪ್ರಮಾದ. ಆ ನೀರು ಒಳಗೇ ಉಳಿದು, ಮುಂದೆ ಬಿಸಿಲು ಬಿದ್ದಾಗ ಗುಳ್ಳೆಗಳಾಗಿ ಏಳುತ್ತದೆ.

ತೇಯುವ ಕೆಲಸವೇ ಈ ವಿದ್ಯೆಯ ಹೃದಯ. ಉಪ್ಪುಕಾಗದದ ಅಂಕೆಯು ಹೆಚ್ಚಿದಷ್ಟೂ ಅದರ ಹರಳುಗಳು ನವುರು. ಪುಟ್ಟಿಯ ಆಕಾರವನ್ನು ೮೦ನೆಯ ಅಂಕೆಯ ಕಾಗದದಿಂದ ತಿದ್ದಿ, ೧೨೦, ೧೮೦ ಎಂದು ಮೇಲೇರುತ್ತ ಹೋಗಬೇಕು. ಒಂದೊಂದು ಅಂಕೆಯ ಕೆಲಸವೂ ಹಿಂದಿನ ಅಂಕೆಯ ಗೀರನ್ನು ಅಳಿಸುವುದೇ. ೮೦ರಿಂದ ಒಮ್ಮೆಗೇ ೪೦೦ಕ್ಕೆ ಹಾರಿದವನು ಆಳದ ಗೀರನ್ನು ತೆಗೆದಿರುವುದಿಲ್ಲ, ಅದರ ಮೇಲೆ ನುಣುಪನ್ನು ಸವರಿರುತ್ತಾನೆ ಅಷ್ಟೆ. ಕಾಗದವನ್ನು ಬೆರಳುಗಳಿಂದ ಒತ್ತಿ ಹಿಡಿಯಬಾರದು. ಬೆರಳಿದ್ದಲ್ಲಿ ಕಾಲುವೆ ಬೀಳುತ್ತದೆ. ಮಟ್ಟವಾದ ಮರದ ತುಂಡಿಗೆ ಸುತ್ತಿ, ಉದ್ದಕ್ಕೂ ಓರೆಯಾಗಿಯೂ ಆಡಿಸಬೇಕು. ಮೈಯು ಸಮವಾಯಿತೋ ಇಲ್ಲವೋ ಎಂಬುದನ್ನು ತಿಳಿಯಲು ಬೇರೆ ಬಣ್ಣದ ಪುಡಿಯನ್ನು ತೆಳ್ಳಗೆ ಸವರಿ ತೇದು ನೋಡುತ್ತಾರೆ. ತಗ್ಗಿದ್ದೆಡೆಯಲ್ಲಿ ಆ ಬಣ್ಣವು ಉಳಿದು ತನ್ನ ದೋಷವನ್ನು ತಾನೇ ಸಾರುತ್ತದೆ. ಅನುಭವಿಗಳು ಅಂಗೈಯ ಕೆಳಗೆ ತೆಳುವಾದ ಬಟ್ಟೆಯನ್ನಿಟ್ಟು ಕಣ್ಣುಮುಚ್ಚಿ ಸವರುತ್ತಾರೆ. ಕಣ್ಣು ಮೋಸಹೋಗುವಲ್ಲಿ ಕೈ ಮೋಸಹೋಗುವುದಿಲ್ಲವೆಂಬುದು ಅವರ ಅನುಭವ.

ಹೀಗೆ ಸಮವಾದ ಮೈಗೆ ತುಂಬುಗುಣವುಳ್ಳ ತಳಬಣ್ಣವನ್ನು ಎರಡು ಮೂರು ಸಲ ಸಿಂಪಡಿಸುತ್ತಾರೆ. ಇದು ಉಳಿದ ನವುರು ಗೀರುಗಳನ್ನು ಮುಚ್ಚುತ್ತದೆ. ಪುಟ್ಟಿ, ತಗಡು, ಹಳೆಯ ಬಣ್ಣ ಎಂಬ ಮೂರು ಬೇರೆ ಬೇರೆ ಸ್ವಭಾವದ ನೆಲೆಗಳನ್ನು ಒಂದೇ ನೆಲೆಯನ್ನಾಗಿ ಮಾಡುತ್ತದೆ. ಒಂದು ಸಲದ ಪದರದಲ್ಲಿರುವ ದ್ರಾವಕವು ಆರುವ ತನಕ ಇನ್ನೊಂದನ್ನು ಹಾಕಬಾರದು. ಎಲ್ಲ ಮುಗಿದ ಮೇಲೆಯೂ ಕಾಯಬೇಕು. ಏಕೆಂದರೆ ದ್ರಾವಕವು ಹೊರಟುಹೋಗುತ್ತ ಪದರವು ಕುಗ್ಗುತ್ತದೆ, ಕುಗ್ಗುತ್ತ ಕೆಳಗಿನ ಗೀರಿನೊಳಕ್ಕೆ ಇಳಿಯುತ್ತದೆ. ಕಾಯದೆ ತೇದು ಬಣ್ಣ ಹಾಕಿದ ಗಾಡಿಯು ಒಡೆಯನ ಕೈಗೆ ಹೋಗುವ ದಿನ ಕನ್ನಡಿಯಂತಿದ್ದು, ಒಂದು ತಿಂಗಳಿಗೆ ಗೀರುಗೀರಾಗುವುದರ ಗುಟ್ಟು ಇದೇ. ಆ ಮೇಲೆ ೪೦೦, ೬೦೦ನೆಯ ಅಂಕೆಗಳ ಕಾಗದದಿಂದ ನವುರಾಗಿ ತೇದು, ಧೂಳನ್ನು ಅಂಟುಬಟ್ಟೆಯಿಂದ ಒರೆಸಿದರೆ ಮೈಯು ಬಣ್ಣಕ್ಕೆ ಸಿದ್ಧವಾಯಿತು. ಬಣ್ಣ ಹಾಕುವುದು ಒಂದು ಗಳಿಗೆಯ ಕೆಲಸ. ಅದಕ್ಕೆ ಮುಂಚಿನದು ಹಲವು ದಿನಗಳದು.

ಈ ವಿವರವೆಲ್ಲ ಕಸುಬಿನವರಿಗೆ ಸರಿ, ಗಾಡಿಯ ಒಡೆಯರಾದ ನಮಗೇಕೆ ಎಂದು ಕೆಲವರು ಕೇಳಬಹುದು. ಉತ್ತರವಿಷ್ಟು: ಪುಟ್ಟಿಗೆ ರೂಪವುಂಟು, ಬಲವಿಲ್ಲ. ಬಾಗಿಲ ಕೆಳಗಿನ ತೊಲೆ, ಚಾಸಿಯ ಅಡ್ಡಪಟ್ಟಿ, ಸೀಟಿನ ಪಟ್ಟಿಯು ಬಿಗಿದಿರುವ ಎಡೆ ಇವೆಲ್ಲ ಅಪಘಾತದ ಪೆಟ್ಟನ್ನು ಹೊರತಕ್ಕ ಅಂಗಗಳು. ಅಲ್ಲಿ ತುಕ್ಕು ತಿಂದ ಉಕ್ಕಿನ ಸ್ಥಾನದಲ್ಲಿ ಪುಟ್ಟಿಯನ್ನು ತುಂಬಿ ಬಣ್ಣ ಬಳಿದರೆ ಕಣ್ಣಿಗೆ ಗಟ್ಟಿಯಾಗಿ ಕಾಣುವ ಗಾಡಿಯು ಪೆಟ್ಟುಬಿದ್ದ ಕ್ಷಣದಲ್ಲಿ ಹಪ್ಪಳದಂತೆ ಮುರಿಯುತ್ತದೆ. ಹಳೆಯ ಗಾಡಿಯನ್ನು ಕೊಂಡು ಮಕ್ಕಳುಮರಿಗಳನ್ನು ಕೂರಿಸಿಕೊಂಡು ಹೋಗುವ ಗೃಹಸ್ಥನಿಗೆ ಇದು ಪ್ರಾಣದ ಪ್ರಶ್ನೆ.

ಇದನ್ನು ಪರೀಕ್ಷಿಸುವ ದಾರಿಗಳೂ ಉಂಟು. ತೆಳುವಾದ ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತದ ತುಂಡನ್ನು ಉಕ್ಕಿನ ಮೈಯ ಮೇಲೆ ಆಡಿಸಿರಿ. ದಪ್ಪ ಪುಟ್ಟಿ ಇದ್ದೆಡೆ ಅದರ ಹಿಡಿತವು ಸಡಿಲಾಗುತ್ತದೆ. ಅಲ್ಯುಮಿನಿಯಮ್ಮಿನ ಇಲ್ಲವೆ ಪ್ಲಾಸ್ಟಿಕ್ಕಿನ ಭಾಗಗಳಿಗೆ ಈ ಪರೀಕ್ಷೆಯು ಸಲ್ಲದೆಂಬುದನ್ನು ನೆನಪಿಡಬೇಕು. ಬೆರಳ ಗೆಣ್ಣಿನಿಂದ ತಟ್ಟಿದರೆ ತಗಡು ಒಂದು ದನಿಯನ್ನೂ ಪುಟ್ಟಿಯು ಮಂಕಾದ ಇನ್ನೊಂದು ದನಿಯನ್ನೂ ಕೊಡುತ್ತದೆ. ಮಡಕೆಯನ್ನು ಕೊಳ್ಳುವಾಗ ತಟ್ಟಿ ನೋಡುವ ನಮ್ಮ ಹೆಂಗಸರಿಗೆ ಈ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಣ್ಣದ ದಪ್ಪವನ್ನು ಅಳೆಯುವ ಸಣ್ಣ ಯಂತ್ರವೂ ಈಗ ಸಿಗುತ್ತದೆ. ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಎಡೆಯಲ್ಲಿ ಅದು ಒಂದು ಮಿಲಿಮೀಟರನ್ನೋ ಎರಡನ್ನೋ ತೋರಿಸಿದರೆ ಕೆಳಗೊಂದು ಕಥೆಯಿದೆಯೆಂದು ತಿಳಿಯಬೇಕು. ಪುಟ್ಟಿ ಇದ್ದ ಮಾತ್ರಕ್ಕೆ ಮೋಸವೆಂದಲ್ಲ. ಹೊರತಗಡಿನ ಸಣ್ಣ ತಗ್ಗಿಗೆ ಅದು ನ್ಯಾಯವಾದ ಚಿಕಿತ್ಸೆಯೇ. ಎಲ್ಲಿ ಇದೆ, ಎಷ್ಟು ಇದೆ, ಏನನ್ನು ಮುಚ್ಚಿದೆ ಎಂಬ ಮೂರನ್ನು ಕೇಳಬೇಕು.

ಇದಕ್ಕಿಂತಲೂ ದೊಡ್ಡದಾದ ಇನ್ನೊಂದು ಪ್ರಾಣದ ಪ್ರಶ್ನೆಯುಂಟು, ಅದು ಕೆಲಸಗಾರನದು. ಇಟಲಿಯ ವೈದ್ಯ ರಾಮಝೀನಿಯು ಕಸುಬುಗಳಿಂದ ಬರುವ ರೋಗಗಳನ್ನು ಕುರಿತು ೧೭೦೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೇ ಬಣ್ಣಗಾರರ ಬೇನೆಗಳನ್ನು ವಿವರಿಸಿದ್ದಾನೆ. ಮೂರು ಶತಮಾನಗಳು ಕಳೆದರೂ ಆ ಅಧ್ಯಾಯವು ಮುಗಿದಿಲ್ಲ. ಹಳೆಯ ಬಣ್ಣವನ್ನು ತೇಯುವಾಗ ಏಳುವ ಧೂಳಿನಲ್ಲಿ ಸೀಸವಿರಬಹುದು, ಕ್ರೋಮಿಯಮ್ಮಿನ ಲವಣಗಳಿರಬಹುದು. ನಮ್ಮ ದೇಶದಲ್ಲಿ ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ ೯೦ ಪಾಲನ್ನು ಮೀರಕೂಡದೆಂದು ೨೦೧೬ರಲ್ಲಿ ನಿಯಮವಾಗಿ, ೨೦೧೭ರ ನವೆಂಬರ್ ತಿಂಗಳಿಂದ ಜಾರಿಗೆ ಬಂದಿತು. ಆ ನಿಯಮವು ಹೆಸರಿಸಿದುದು ಮನೆಯ ಬಣ್ಣವನ್ನು, ಗಾಡಿಯ ಬಣ್ಣವನ್ನಲ್ಲ. ಎರಡು ಡಬ್ಬಿಗಳ ತಳಬಣ್ಣಗಳನ್ನೂ ಮೇಲ್ಬಣ್ಣಗಳನ್ನೂ ಗಟ್ಟಿಮಾಡುವ ದ್ರವಗಳಲ್ಲಿ ಅನೇಕಕ್ಕೆ ಐಸೋಸಯನೇಟ್ ಎಂಬ ವರ್ಗದ ವಸ್ತುಗಳೇ ಆಧಾರ. ಅವುಗಳ ಹನಿಮಂಜನ್ನು ಉಸಿರಾಡಿದವನಿಗೆ ಉಬ್ಬಸವು ಹತ್ತಬಹುದು. ಒಮ್ಮೆ ಹತ್ತಿದರೆ ಮುಂದೆ ಅತ್ಯಲ್ಪ ಪ್ರಮಾಣವೂ ಅವನನ್ನು ಕಾಡುತ್ತದೆ. ಎಷ್ಟೋ ಸಲ ಆ ಕಸುಬನ್ನೇ ಬಿಡಬೇಕಾಗುತ್ತದೆ.

ಮೂಗಿಗೆ ಕರವಸ್ತ್ರವನ್ನು ಕಟ್ಟಿಕೊಳ್ಳುವುದರಿಂದ ದಪ್ಪ ಧೂಳು ಸ್ವಲ್ಪ ತಡೆಯಬಹುದೇ ಹೊರತು ನವುರು ಧೂಳಾಗಲಿ ಆವಿಯಾಗಲಿ ತಡೆಯುವುದಿಲ್ಲ. ತೇಯುವಾಗ ಧೂಳಿಗೆ ತಕ್ಕ ಮುಖವಾಡ, ಸಿಂಪಡಿಸುವಾಗ ಹೊರಗಿನ ಶುದ್ಧಗಾಳಿಯನ್ನು ನಳಿಗೆಯಿಂದ ಒದಗಿಸುವ ಮುಖವಾಡ, ಕೈಗೆ ಗವುಸು, ಗಾಳಿಯನ್ನು ಹೊರಕ್ಕೆಳೆಯುವ ಬೀಸಣಿಗೆಯ ಕೋಣೆ ಇವು ಬೇಕಾದುವು. ಕೆಲಸ ಮುಗಿದ ಮೇಲೆ ಕೈಬಾಯಿ ತೊಳೆಯದೆ ಊಟಕ್ಕೆ ಕೂರಬಾರದು. ಧೂಳಿನ ಬಟ್ಟೆಯಲ್ಲಿ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳಬಾರದು. ದೊಡ್ಡ ಕಾರ್ಖಾನೆಗಳಲ್ಲಿ ಈ ಏರ್ಪಾಡುಗಳು ಇರುತ್ತವೆ. ಧಾರವಾಡದ ಬಳಿಯಲ್ಲಿಯೇ ಟಾಟಾ ಸಂಸ್ಥೆಯ ಬಸ್ಸುಗಳ ಒಡಲನ್ನು ಕಟ್ಟುವ ಕಾರ್ಖಾನೆಯುಂಟು. ಆದರೆ ನಮ್ಮ ಗಾಡಿಗಳ ರಿಪೇರಿಯು ಬಹುಪಾಲು ನಡೆಯುವುದು ಹೆದ್ದಾರಿಯ ಬದಿಯ ತಗಡಿನ ಚಪ್ಪರಗಳಲ್ಲಿ. ಅಲ್ಲಿ ತೇಯುವ ಕೆಲಸವು ಬೀಳುವುದು ಎಲ್ಲರಿಗಿಂತ ಕಿರಿಯನಾದ ಹುಡುಗನ ಪಾಲಿಗೆ.

ಇಲ್ಲಿಯೇ ಗ್ರಾಹಕರಾದ ನಮ್ಮ ಹೊಣೆಯೂ ಬರುತ್ತದೆ. ನಾವು ಗ್ಯಾರೇಜಿಗೆ ಹೋಗಿ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು: ಎಷ್ಟು ದುಡ್ಡು? ಎಂದು ಕೊಡುವಿರಿ? ದುಡ್ಡನ್ನೂ ದಿನವನ್ನೂ ನಾವು ಹಿಸುಕಿದಷ್ಟೂ ಕುಗ್ಗುವುದು ಬಣ್ಣವಲ್ಲ. ಬಣ್ಣವು ಕಣ್ಣಿಗೆ ಕಾಣಬೇಕಾದ ವಸ್ತುವಾದುದರಿಂದ ಅದನ್ನು ಯಾರೂ ಬಿಡುವುದಿಲ್ಲ. ಕುಗ್ಗುವುದು ಕಾಣದಿರುವ ಭಾಗ. ತುಕ್ಕು ಅರ್ಧ ಉಳಿಯುತ್ತದೆ, ತಳಬಣ್ಣದ ಒಂದು ಪದರವು ತಪ್ಪುತ್ತದೆ, ಆರಲು ಬೇಕಾದ ರಾತ್ರಿಯು ತಪ್ಪುತ್ತದೆ, ಹುಡುಗನ ಮುಖವಾಡವು ತಪ್ಪುತ್ತದೆ. ಆದುದರಿಂದ ಬಣ್ಣ ಹಾಕುವುದಕ್ಕಿಂತ ಮೊದಲೊಮ್ಮೆ ಗಾಡಿಯನ್ನು ನೋಡಲು ಬರುವೆವೆಂದು ಮುಂಗಡವಾಗಿ ಹೇಳುವುದು ಒಳ್ಳೆಯ ರೂಢಿ. ತಗಡು ಬಯಲಾದಾಗ ಒಂದು ಸಲ, ತಳಬಣ್ಣವಾದಾಗ ಒಂದು ಸಲ ನೋಡಿದರೆ ಸಾಕು. ಶ್ರದ್ಧೆಯ ಕೆಲಸಗಾರನು ಇದರಿಂದ ಬೇಸರಪಡುವುದಿಲ್ಲ. ತನ್ನ ಕೈಗೆಲಸದ ಉತ್ತಮ ಭಾಗವನ್ನು ಯಾರಾದರೂ ನೋಡಿದರಲ್ಲಾ ಎಂದು ಸಂತೋಷವನ್ನೇ ಪಡುತ್ತಾನೆ.

ಕಲಘಟಗಿಯ ತೊಟ್ಟಿಲನ್ನು ಮಾಡಿಸುವವರು ತಿಂಗಳುಗಟ್ಟಲೆ ಮುಂಚಿತವಾಗಿ ಹೇಳಿ ಕಾಯುತ್ತಾರೆ. ಕಾದುದರ ಫಲವನ್ನು ಮಕ್ಕಳು ಮೊಮ್ಮಕ್ಕಳು ಉಣ್ಣುತ್ತಾರೆ. ಉಕ್ಕಿನ ಗಾಡಿಗೆ ಅಷ್ಟು ದೀರ್ಘವಾದ ಆಯುಸ್ಸನ್ನು ನಾವು ಕೇಳುತ್ತಿಲ್ಲ. ಆದರೆ ನಾಲ್ಕು ದಿನದ ಕೆಲಸಕ್ಕೆ ನಾಲ್ಕು ದಿನವನ್ನೂ ಅದರ ಕೂಲಿಯನ್ನೂ ಕೊಡುವುದು ನಮ್ಮ ಕೈಯಲ್ಲಿದೆ. ಅಷ್ಟನ್ನು ಕೊಟ್ಟರೆ ಬಮ್ಮಿಗಟ್ಟಿಯ ಮಳೆಯಲ್ಲಿ ನೆನೆದ ಗಾಡಿಯೂ ತುಕ್ಕಿಗೆ ಬೇಗ ತುತ್ತಾಗದು. ಅದನ್ನು ತೇದವನ ಉಸಿರೂ ಉಳಿಯುತ್ತದೆ.